ಗೆಸ್ಟ್ ವೈಫೈ ಅವರೊಂದಿಗೆ, ಕರೆಂಟ್ ಇರುವಷ್ಟು ಹೊತ್ತು

ಮೂಡಿಗೆರೆ ಕಡೆಯ ಕಾಫಿ ತೋಟದೊಳಗಿನ ಒಂದು ಹೋಂಸ್ಟೇ. ಹಜಾರದ ಫ್ರಿಜ್ ಮೇಲೆ ಮೂರು ಕೊಂಬು ನಿಗುರಿಸಿಕೊಂಡು ಕೂತಿರುವವರೇ ಗೆಸ್ಟ್ ವೈಫೈ. ಎದುರು ಗೋಡೆಯಲ್ಲಿ ‘ಅತಿಥಿ ದೇವೋ ಭವ’ ಎಂಬ ಫಲಕವಿದೆ. ದೇವರಿಗೂ ಇಲ್ಲಿ ಓಟಿಪಿ ಕಡ್ಡಾಯ.

ಹೋದ ದಸರೆಗೆ ಬಂದಿದ್ದ ಕುಟುಂಬವೇ ಈ ಸಲವೂ ಬಂದಿದೆ. ಗುರುತು ಸಿಗಲಿಲ್ಲವೇ?

ದಸರೆಯೇ? ನನ್ನ ನೆನಪಿನ ಆಯಸ್ಸು 24 ಗಂಟೆ ಸ್ವಾಮಿ. ನಿನ್ನೆ ಬೆಳಗ್ಗೆ ಲಾಗಿನ್ ಆದವರೇ ಇವತ್ತು ನನಗೆ ಅಪರಿಚಿತರು.

ಅಡುಗೆಮನೆಯ ಅಕ್ಕ ಮಾತ್ರ ಅವರ ಅಜ್ಜನಿಗೆ ಕೇಳದೆಯೇ ಸಕ್ಕರೆ ಇಲ್ಲದ ಕಾಫಿ ತಂದುಕೊಟ್ಟರು.

ಅಕ್ಕನಿಗೆ ಸೆಟ್ಟಿಂಗ್ಸ್ ಇಲ್ಲ. ನನಗಿದೆ. ಅದನ್ನು ಒಬ್ಬ ಹುಡುಗ ಬಂದು ಹಾಕಿ, ಊಟ ಮಾಡಿ, ಹೊರಟುಹೋದ.

ಇಲ್ಲಿ ಮೊಬೈಲ್ ಸಿಗ್ನಲ್ಲೇ ಇಲ್ಲ. ಓಟಿಪಿ ಬರುವುದೆಲ್ಲಿಂದ?

ಸಿಗ್ನಲ್ ಇದ್ದಿದ್ದರೆ ನನ್ನನ್ನು ಯಾರು ಕೇಳುತ್ತಿದ್ದರು? ನೀರಿನ ಟ್ಯಾಂಕಿನ ದಿಬ್ಬ ಹತ್ತಿದರೆ ಒಂದು ಕಡ್ಡಿ ಬರುತ್ತೆ. ಮೆಸೇಜ್ ಅಲ್ಲಿ ಸಿಗುತ್ತೆ, ನಾನು ಇಲ್ಲಿ ಸಿಗುತ್ತೇನೆ. ಅಂಕಿ ಬಾಯಿಪಾಠ ಮಾಡಿಕೊಂಡು ಓಡಿ ಬರಬೇಕು. ಮಳೆಗಾಲವಾದರೆ ನಡುವೆ ಜಿಗಣೆ ಕಿತ್ತು ಬಿಸಾಡಬೇಕು. ಅಷ್ಟರಲ್ಲಿ ಅವಧಿ ಮುಗಿದಿರುತ್ತೆ. ಮೊನ್ನೆ ಒಬ್ಬರು ಚಿಕ್ಕಪ್ಪನನ್ನು ದಿಬ್ಬದ ಮೇಲೆ ನಿಲ್ಲಿಸಿ ಕೂಗಿಸಿದರು. ‘ಏಳಾ, ಎಂಟಾ?’ ಅಂತ ಕೆಳಗಿಂದ ಇವರು, ‘ಏಳು, ಏಳು!’ ಅಂತ ಮೇಲಿಂದ ಅವರು. ಕಾಫಿ ಕೊಯ್ಯುತ್ತಿದ್ದವರೆಲ್ಲ ಕೇಳಿಸಿಕೊಂಡರು. ಓಟಿಪಿ ಯಾರಿಗೂ ಹೇಳಬೇಡಿ ಅಂತ ಮೆಸೇಜಿನಲ್ಲೇ ಬರೆದಿತ್ತು.

ಅಷ್ಟು ಕಷ್ಟವಿದ್ದೂ ಓಟಿಪಿಯೇ ಏಕೆ?

ಸರ್ಕಾರದ ಆದೇಶ.

ದೂರಸಂಪರ್ಕ ಇಲಾಖೆಯ 2009ರ ಸೂಚನೆಯಲ್ಲಿ ಎರಡು ದಾರಿ ಇವೆ: ಗುರುತಿನ ಚೀಟಿಯ ಪ್ರತಿ, ಇಲ್ಲವೇ ಮೊಬೈಲಿಗೆ ಎಸ್ಸೆಮ್ಮೆಸ್. ಚೀಟಿಯ ಜೆರಾಕ್ಸನ್ನು ಯಜಮಾನರು ಬಂದ ತಕ್ಷಣವೇ ಇಸಿದುಕೊಂಡರಲ್ಲ?

ಅದು ಮೇಜಿನ ಡ್ರಾಯರಿನಲ್ಲಿದೆ. ನಾನು ಫ್ರಿಜ್ ಮೇಲಿದ್ದೇನೆ. ಸೆಕ್ಷನ್ ಬೇರೆ.

ಫೋನಿನ ಮ್ಯಾಕ್ ವಿಳಾಸ ನೋಡಿಯಾದರೂ ಹಳಬರೆಂದು ತಿಳಿಯಬಹುದಿತ್ತು.

(ದೀಪ ಮಿಣುಕಿಸಿ) ಅದೆಲ್ಲ ಹಳೇ ಕಾಲ. 2019ರಲ್ಲಿ ಆಂಡ್ರಾಯ್ಡ್ 10, ಮರುವರ್ಷ ಐಓಎಸ್ 14 ಬಂದಮೇಲೆ ಫೋನುಗಳು ಅಸಲಿ ವಿಳಾಸ ಬಚ್ಚಿಟ್ಟುಕೊಂಡು ವೇಷ ಹಾಕಿಯೇ ಬರುತ್ತವೆ. ವಿಳಾಸದ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ವೇಷವೆಂದೇ ಲೆಕ್ಕ. ವೇಷಧಾರಿಗಳನ್ನು ಹೇಗೆ ನಂಬಲಿ?

ಆದರೆ ಒಂದು ನೆಟ್‌ವರ್ಕಿನ ಹೆಸರಿಗೆ ಫೋನು ಸಾಮಾನ್ಯವಾಗಿ ಒಂದೇ ವೇಷವನ್ನು ಕಾದಿರಿಸುತ್ತದೆ. ಮತ್ತೆ ಬಂದರೂ ಅದೇ ವೇಷ.

(ಬಹಳ ಹೊತ್ತು ಮೌನ) ಹೆಸರು ಬದಲಾಗದಿದ್ದರೆ ತಾನೇ? ಹೋದ ವರ್ಷ ನನ್ನ ಹೆಸರು ‘ಗೆಸ್ಟ್’. ಸಂಕ್ರಾಂತಿಗೆ ‘ಗೆಸ್ಟ್ ನ್ಯೂ’. ಈಗ ‘ಗೆಸ್ಟ್ ನ್ಯೂ 2’. ಯಜಮಾನರ ಮಗನಿಗೆ ನೆಟ್ ನಿಧಾನವಾದಾಗಲೆಲ್ಲ ನಾಮಕರಣ ಮಾಡುವ ಹುಕಿ. ಮಹಡಿಯಲ್ಲಿರುವ ನನ್ನ ತಮ್ಮನಿಗೆ ಬೇರೆಯೇ ಹೆಸರು. ಮಲಗಲು ಮೆಟ್ಟಿಲು ಹತ್ತಿದವರು ಮತ್ತೆ ದಿಬ್ಬವನ್ನೂ ಹತ್ತಬೇಕು.

ಎರಡಕ್ಕೂ ಒಂದೇ ಹೆಸರಿಟ್ಟು, ಕೀ ಜೊತೆ ಒಂದು ಕೂಪನ್ ಕೊಟ್ಟು, ಫೋನನ್ನು 180 ದಿನ ನೆನಪಿಟ್ಟುಕೋ ಎಂದು ನಿಮಗೆ ಹೇಳಿದರೆ?

ಹೇಳಿದರೆ ಇಟ್ಟುಕೊಳ್ಳುತ್ತೇನೆ, ನನಗೇನು! ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ಆ ಹುಡುಗನಿಗೆ ಗೊತ್ತು. ಅವನೀಗ ದುಬೈನಲ್ಲಿದ್ದಾನಂತೆ.

ಈ ಪಾಡು ಯಜಮಾನರ ಗಮನಕ್ಕೆ ಬಂದಿಲ್ಲವೇ?

ಅವರು ಬಳಸುವುದು ಮನೆಯವರ ವೈಫೈ. ಅದಕ್ಕೆ ಓಟಿಪಿ ಇಲ್ಲ, ಮಗನ ಹೆಸರೇ ಪಾಸ್‌ವರ್ಡ್. ಅಕ್ಕನಿಗೂ ಗೊತ್ತು. ಮತ್ತೆ ಬಂದ ಅತಿಥಿಗಳು ನೇರವಾಗಿ ಅಡುಗೆಮನೆಗೆ ಹೋಗಿ ಕಾಫಿಯ ಜೊತೆ ಅದನ್ನೂ ಕೇಳಿ ಪಡೆಯುತ್ತಾರೆ. ಸಿಸಿಟಿವಿ, ಬಿಲ್ಲಿಂಗ್ ಕಂಪ್ಯೂಟರ್ ಎಲ್ಲ ಇರುವುದೂ ಅದರಲ್ಲೇ.

ಹಾಗಾದರೆ ಸದ್ಯ ನಿಮ್ಮಲ್ಲಿ ಯಾರಿದ್ದಾರೆ?

ನೀವೊಬ್ಬರೇ. ಅಂದಹಾಗೆ ನಿಮ್ಮ ಅವಧಿಯೂ ಮುಗೀತು. ಮೊಬೈಲ್ ನಂಬರ್ ಹೇಳಿ, ದಿಬ್ಬದ ದಾರಿ ಕೊಟ್ಟಿಗೆಯ ಹಿಂದೆ.