ಬಚ್ಚಲ ಫ್ಯಾನಿನ ಅಚಲಸ್ಥಿತಿ: ಒಂದು ಶಾಸ್ತ್ರೀಯ ಮೀಮಾಂಸೆ

ಪೀಠಿಕೆ

ಯಾವ ಶಾಸ್ತ್ರ ಹುಟ್ಟಬೇಕಾದರೂ ಮೊದಲು ಒಂದು ಸಂಶಯ ಬೇಕು. ಈ ಶಾಸ್ತ್ರದ ಸಂಶಯ ಹುಟ್ಟಿದ್ದು ಮಸಗುಪ್ಪಿಯಲ್ಲಿ, ನಮ್ಮ ಕಾಕಾನ ಬಚ್ಚಲಮನೆಯಲ್ಲಿ, ನೆಲದಿಂದ ಏಳು ಅಡಿ ಮೇಲಿನ ಒಂದು ದುಂಡು ಕಿಂಡಿಯಲ್ಲಿ. ಅಲ್ಲಿದ್ದ ಎಕ್ಸಾಸ್ಟ್ ಫ್ಯಾನ್ ನಿಂತಿತು. ಹೊಸದನ್ನು ತಂದು ಕೂಡಿಸಿದರು. ಅದೂ ನಿಂತೇ ಇತ್ತು. ಹಳೆಯದು ನಿಂತರೆ ಅದು ರಿಪೇರಿ. ಹೊಸದೂ ನಿಂತರೆ ಅದು ದರ್ಶನ.

ಕಾಕು ಮೊದಲ ದಿನವೇ ಒಂದು ಮಾತು ಅಂದಿದ್ದಳು: "ಬಲ್ಬ್ ಬದಲಿ ಮಾಡಿದಾಗಿಂದ ತಿರಗವಲ್ದು ನೋಡ್ರಿ ಅದು." ಹೇಳಿದವಳ ಕೈಯಲ್ಲಿ ಟೆಸ್ಟರ್ ಇರಲಿಲ್ಲವಾದ್ದರಿಂದ ವಿದ್ವತ್ಸಭೆ ಆ ಮಾತನ್ನು ಜಾನಪದ ಸಾಮಗ್ರಿ ಎಂದು ವರ್ಗೀಕರಿಸಿ ಬದಿಗಿಟ್ಟಿತು.

ಐತಿಹಾಸಿಕ ಹಿನ್ನೆಲೆ

ಎಕ್ಸಾಸ್ಟ್ ಫ್ಯಾನಿನ ಮೂಲಪುರುಷ ಬೆಳಕಿಂಡಿ. ಮಣ್ಣಿನ ಮಾಳಿಗೆಯಲ್ಲಿ ಬಿಟ್ಟ ಆ ತೂತು ಒಳಗೆ ಬಿಸಿಲು ಬಿಡುತ್ತಿತ್ತು, ಹೊರಗೆ ಹೊಗೆ ಕಳಿಸುತ್ತಿತ್ತು, ಎರಡಕ್ಕೂ ಬಿಲ್ಲು ಕೇಳುತ್ತಿರಲಿಲ್ಲ. ಅದರ ವೈರಿಂಗ್ ತಪ್ಪಿದ ಉದಾಹರಣೆ ಯಾವ ತಾಳೆಗರಿಯಲ್ಲೂ ಸಿಕ್ಕಿಲ್ಲ.

ಹಾಗೆಂದು ಈ ಸೀಮೆ ತಿರುಗುವ ವಿದ್ಯೆಗೆ ಹೊಸದೇನಲ್ಲ. ಘಟಪ್ರಭೆ 52 ಮೀಟರ್ ಕೆಳಕ್ಕೆ ಧುಮುಕುವ ಗೋಕಾಕ ಫಾಲ್ಸಿನಲ್ಲಿ 1887ರಷ್ಟು ಹಿಂದೆಯೇ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಿತು. ಆಚೆ ಹುಕ್ಕೇರಿಯಲ್ಲಿ ಜನರೇ ಸೇರಿ 1969ರಲ್ಲಿ ಸಹಕಾರಿ ಸಂಘ ಕಟ್ಟಿ ಹಳ್ಳಿಹಳ್ಳಿಗೆ ಕರೆಂಟು ಹಂಚಿದರು. ಒಂದು ನದಿಗೆ ಇಡೀ ಗಿರಣಿ ತಿರುಗಿಸಲು ಸಾಧ್ಯವಾದ ನೆಲದಲ್ಲಿ, ಮೂರೂವರೆ ಡಜನ್ ವ್ಯಾಟಿನೊಳಗಿನ ಒಂದು ಆರಿಂಚಿನ ಫ್ಯಾನ್ ತಿರುಗದಿರುವುದು ಪರಂಪರೆಗೆ ಬಂದ ಕಳಂಕವೆಂದು ಕಾಕಾ ಭಾವಿಸಿದ. ಗೋಕಾಕ ತಾಲೂಕಿನಲ್ಲಿದ್ದ ಊರು ಮೂಡಲಗಿ ತಾಲೂಕಿಗೆ ಹೋದದ್ದರಿಂದ ಹೀಗಾಯಿತೇ ಎಂಬ ಆಡಳಿತಾತ್ಮಕ ವಾದವೂ ಕಟ್ಟೆಯ ಮೇಲೆ ಒಂದು ಸಂಜೆ ಬದುಕಿತ್ತು.

ಲಕ್ಷಣ ನಿರೂಪಣೆ

ಬೋರ್ಡಿನಲ್ಲಿ ಎರಡು ಸ್ವಿಚ್ಚುಗಳು: ಒಂದು ಲೈಟಿನದು, ಒಂದು ಫ್ಯಾನಿನದು. ಲೈಟಿನದನ್ನು ಒತ್ತಿದರೆ ಲೈಟ್ ಹತ್ತುತ್ತದೆ. ಇಲ್ಲಿಯವರೆಗೆ ವಿವಾದವಿಲ್ಲ. ಫ್ಯಾನಿನದನ್ನು ಮಾತ್ರ ಒತ್ತಿದರೂ ಲೈಟೇ ಹತ್ತುತ್ತದೆ. ಫ್ಯಾನ್ ಹೊಟ್ಟೆಯೊಳಗೇ ಗುಂಯ್ ಅನ್ನುತ್ತದೆ, ಎಲೆ ಅಲುಗುವುದಿಲ್ಲ. ಎರಡನ್ನೂ ಒತ್ತಿದರೆ ಲೈಟ್ ಝಗ್ಗನೆ ಹತ್ತಿ, ಫ್ಯಾನಿನ ಗುಂಯ್‌ಕಾರವೂ ಅಡಗಿ, ಪೂರ್ಣ ಮೌನ ಪ್ರಾಪ್ತವಾಗುತ್ತದೆ.

ಪೂರ್ವಪಕ್ಷಗಳು

ಮೊದಲನೆಯದು ಕಂಡೆನ್ಸರ್ ಪಂಥ. "ಕಂಡೆನ್ಸರ್ ಹೋಗೇದ" ಎಂಬುದು ಇವರ ಮೂಲಮಂತ್ರ. ಮೇಲಿನ ಫ್ಯಾನು, ಕೂಲರು, ಮಿಕ್ಸರು, ಒಮ್ಮೊಮ್ಮೆ ಮನುಷ್ಯರು, ಎಲ್ಲಕ್ಕೂ ಇದೇ ನಿದಾನ. ಬಿಚ್ಚಿ ನೋಡಿದರೆ ಇಂಥ ಸಣ್ಣ ಮೋಟಾರಿಗೆ ಕಂಡೆನ್ಸರೇ ಇಲ್ಲ. ಇಲ್ಲದ್ದು ಹೋಗುವುದು ಹೇಗೆ ಎಂಬ ತಾರ್ಕಿಕ ಪ್ರಶ್ನೆಗೆ ಪಂಥ ಚಹಾ ಕುಡಿದು ಉತ್ತರಿಸಿತು.

ಎರಡನೆಯದು ಪಂಪ್‌ಸೆಟ್ ಪಂಥ. ಕಬ್ಬಿನ ಗದ್ದೆಯ ಅನುಭವವೇ ಇವರ ಆಗಮ. "ವೈರ್ ಅದಲಬದಲ ಮಾಡ್ರಿ, ಉಲ್ಟಾ ಎಳದು ನಿಂತಿರತೈತಿ." ಗದ್ದೆಯ ಮಟ್ಟಿಗೆ ಈ ಮಾತು ಅರ್ಧ ಸತ್ಯ: ಮೂರು ಫೇಜಿನಲ್ಲಿ ಯಾವುದಾದರೂ ಎರಡನ್ನು ಬದಲಿಸಿದರೆ ಪಂಪು ಹಿಂದುಮುಂದಾಗಿ ತಿರುಗುತ್ತದೆ. ಆದರೆ ಬಚ್ಚಲ ಫ್ಯಾನು ಸಿಂಗಲ್ ಫೇಜಿನದು. ಅದು ಯಾವ ಕಡೆ ತಿರುಗಬೇಕೆಂದು ನಿರ್ಧರಿಸುವುದು ಅದರ ಕಬ್ಬಿಣದ ಧ್ರುವದ ಮೂಲೆಗೆ ತೊಡಿಸಿದ ಒಂದು ತಾಮ್ರದ ಬಳೆ. ಹೊರಗಿನ ಎರಡು ವೈರನ್ನು ಹಗಲೆಲ್ಲ ಅದಲುಬದಲು ಮಾಡಿದರೂ ಬಳೆ ತೊಟ್ಟವಳು ಮನಸ್ಸು ಬದಲಿಸುವುದಿಲ್ಲ.

ಮೂರನೆಯದು ವರ್ಣಾಶ್ರಮ ಪಂಥ. ಗೋಡೆಯಿಂದ ಬಂದ ಹಳೆಯ ವೈರುಗಳು ಕೆಂಪು, ಕಪ್ಪು: ಕೆಂಪು ಫೇಜ್, ಕಪ್ಪು ನ್ಯೂಟ್ರಲ್. ಹೊಸ ಫ್ಯಾನಿನ ಬಾಲದಲ್ಲಿ ಕಂದು, ನೀಲಿ. ಈ ಹೊಸ ಸಂಪ್ರದಾಯದಲ್ಲಿ ಕಂದು ಫೇಜ್, ನೀಲಿ ನ್ಯೂಟ್ರಲ್. ಆದರೆ ಪಂಪಿನ ಸ್ಟಾರ್ಟರ್ ಬಲ್ಲವರಿಗೆ ಕೆಂಪು, ಹಳದಿ, ನೀಲಿ ಮೂರೂ ಫೇಜುಗಳೇ. "ನೀಲಿ ಅಂದ್ರ ಫೇಜ್ ಅಲ್ಲೇನ್ರಿ?" ಎಂದು ಒಬ್ಬರು ಕೇಳಿದಾಗ ಸಭೆ ಎರಡು ಮಠಗಳಾಗಿ ಒಡೆಯಿತು. ಎರಡೂ ಮಠದವರು ತಮ್ಮ ತಮ್ಮ ಪ್ರಕಾರ ಜೋಡಿಸಿ ನೋಡಿದರು. ಫ್ಯಾನ್ ಎರಡೂ ಮಠಗಳಿಗೆ ಸಮಾನ ಗೌರವ ತೋರಿ ಸುಮ್ಮನಿತ್ತು.

ಅದ್ವೈತ ಪ್ರಸಂಗ

ಆಗ ಟೆಸ್ಟರ್ ಬಂತು. ಎರಡೂ ಸ್ವಿಚ್ ಹಾಕಿ ಫ್ಯಾನಿನ ಒಂದು ತುದಿಗೆ ಇಟ್ಟರು: ಕೆಂಪಗೆ ಹೊಳೆಯಿತು. ಇನ್ನೊಂದು ತುದಿಗೆ ಇಟ್ಟರು: ಅಲ್ಲಿಯೂ ಹೊಳೆಯಿತು. "ಎರಡೂ ಕಡೆ ಫುಲ್ ಕರೆಂಟ್ ಐತಿ, ಆದ್ರೂ ತಿರಗವಲ್ದು!" ಎಂದು ಕಾಕಾ ಹಣೆ ಒರೆಸಿಕೊಂಡ.

ಇಡೀ ಶಾಸ್ತ್ರದ ತಿರುಳು ಈ "ಆದರೂ" ಎಂಬ ಪದದಲ್ಲಿದೆ. ಅಲ್ಲಿ "ಅದಕ್ಕೇ" ಎಂದಿರಬೇಕಿತ್ತು. ಕರೆಂಟು ಇದ್ದಲ್ಲಿ ಹರಿಯುವುದಿಲ್ಲ. ಭೇದ ಇದ್ದಲ್ಲಿ ಹರಿಯುತ್ತದೆ. ಒಂದು ತುದಿಗೆ 230 ವೋಲ್ಟಿನ ಫೇಜ್, ಇನ್ನೊಂದು ತುದಿಗೆ ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಭೂಮಿಗೆ ಕಟ್ಟಿಹಾಕಿದ ನ್ಯೂಟ್ರಲ್, ಹೀಗಿದ್ದರೆ ಮಾತ್ರ ಸಂಸಾರಚಕ್ರ ತಿರುಗೀತು. ಎರಡೂ ತುದಿಗೆ ಅದೇ ಫೇಜ್ ಬಂದರೆ ಭೇದ ಅಳಿಯಿತು, ಅದ್ವೈತ ಸಿದ್ಧಿಸಿತು, ಫ್ಯಾನಿಗೆ ಮೋಕ್ಷವಾಯಿತು. ಘಟಪ್ರಭೆಯೂ 52 ಮೀಟರಿನ ಭೇದ ಇರುವುದರಿಂದಲೇ ಗಿರಣಿ ತಿರುಗಿಸಿದ್ದು. ಸಪಾಟು ನೆಲದ ಕೆರೆ ಎಷ್ಟು ತುಂಬಿದ್ದರೇನು? ಫ್ಯಾನು ಸ್ವಭಾವತಃ ದ್ವೈತಿ.

ಸಿದ್ಧಾಂತ

ಕೊನೆಗೆ ಮೂಡಲಗಿಯಿಂದ ಮೋಟಾರ್ ವೈಂಡಿಂಗ್ ಮಾಡುವ ಹುಡುಗ ಬಂದ. ಅವನು ಯಾವ ಪಂಥಕ್ಕೂ ನಮಸ್ಕರಿಸಲಿಲ್ಲ. ಹೋಲ್ಡರಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್ ತೆಗೆದು ಫ್ಯಾನಿನ ಎರಡು ತುದಿಗೆ ಹಿಡಿದ: ಕತ್ತಲು. ಒಂದು ತುದಿ ಹಾಗೇ ಬಿಟ್ಟು ಇನ್ನೊಂದನ್ನು ಬೋರ್ಡಿನ ನಿಜವಾದ ನ್ಯೂಟ್ರಲ್ಲಿಗೆ ಹಿಡಿದ: ಬೆಳಕು. ತಿರುಗಿ ಕೇಳಿದ, "ಮೊದಲ ಇಲ್ಲಿ ಯಾವ ಬಲ್ಬ್ ಇತ್ತ್ರಿ?"

ವಿದ್ವತ್ಸಭೆ ಮುಖ ಮುಖ ನೋಡಿಕೊಂಡಿತು. ಅಡುಗೆಮನೆಯಿಂದ ಉತ್ತರ ಬಂತು: "ನೂರರ ಗುಂಡು ಬಲ್ಬ್."

ಆಗ ಕಥೆ ಬಿಚ್ಚಿಕೊಂಡಿತು. ಹಿಂದೆ ಯಾವನೋ ಪುಣ್ಯಾತ್ಮ ಫ್ಯಾನಿಗೆ ನ್ಯೂಟ್ರಲ್ ಎಳೆಯಲು ಬೇಸರಪಟ್ಟು, ಕೈಗೆ ಸಿಕ್ಕ ಲೈಟಿನ ಹಾಫ್ ವೈರಿಗೆ, ಎಂದರೆ ಸ್ವಿಚ್ಚಿನಿಂದ ಬಲ್ಬಿಗೆ ಹೋಗುವ ವೈರಿಗೆ, ಸುತ್ತಿಬಿಟ್ಟಿದ್ದ. ಲೈಟ್ ಆರಿಸಿ ಫ್ಯಾನ್ ಹಾಕಿದರೆ ಫ್ಯಾನು ಬಲ್ಬಿನ ಮೂಲಕ ನ್ಯೂಟ್ರಲ್ ಮುಟ್ಟುತ್ತಿತ್ತು. 100 ವ್ಯಾಟಿನ ಬಲ್ಬಿನ ತಂತಿ ಪೂರ್ತಿ ಕಾದಾಗ 529 ಓಮ್ ಅಡ್ಡಿ ಒಡ್ಡುತ್ತದೆ; ತಣ್ಣಗಿದ್ದಾಗ ಅದರ ಹತ್ತನೇ ಒಂದು ಪಾಲೂ ಇಲ್ಲ. ಹಾಗಾಗಿ ಬಲ್ಬು ಕೆಂಡದಂತೆ ಮಿಣಿಮಿಣಿ ಅನ್ನುತ್ತ ದಾರಿ ಬಿಡುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಲೈಟ್ ಹಾಕಿದರೆ ಮಾತ್ರ ಅದ್ವೈತ. ಅದಕ್ಕೇ ಆ ಮನೆಯಲ್ಲಿ "ಫ್ಯಾನ್ ಬೇಕಂದ್ರ ಲೈಟ್ ಆರಸಬೇಕು" ಎಂಬ ಆಚಾರ ಬೇರೂರಿತ್ತು. ವರ್ಷಗಟ್ಟಲೆ ಕಾಕು ಮುಸ್ಸಂಜೆಯ ಸ್ನಾನವನ್ನು ಆ ಕೆಂಡದ ಬೆಳಕಿನಲ್ಲೇ ಮಾಡಿದ್ದಳು.

2023ರಲ್ಲಿ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಂತು. ಸರಾಸರಿಯ ಮೇಲೆ ಶೇಕಡಾ 10ಕ್ಕಿಂತ ಹೆಚ್ಚು ಉರಿದರೆ ಬಿಲ್ಲು ಬಂದೀತೆಂದು ಕಾಕಾ ಮನೆಯ ಗುಂಡು ಬಲ್ಬುಗಳನ್ನೆಲ್ಲ ಒಂದೊಂದಾಗಿ ಕಿತ್ತು 9 ವ್ಯಾಟಿನ ಎಲ್‌ಇಡಿ ಹಾಕುತ್ತ ಹೋದ. ಕಡೆಯ ಸರದಿ ಬಚ್ಚಲದು. ಎಲ್‌ಇಡಿ ಮಿತಾಹಾರಿ, ತನ್ನ ಹೊಟ್ಟೆಗೆ ಬೇಕಾದಷ್ಟೇ ಕರೆಂಟು ಒಳಗೆ ಬಿಡುತ್ತದೆ. ಅಷ್ಟು ತೊಟ್ಟಿನಲ್ಲಿ ಬಲ್ಬು ಹತ್ತುತ್ತದೆ, ಫ್ಯಾನಿಗೆ ಬಾಯಿ ಒದ್ದೆಯಾಗುವುದಿಲ್ಲ. ಹುಕ್ಕೇರಿಯಲ್ಲಿ ಫಲಿಸಿದ ಸಹಕಾರ ತತ್ವ ಒಂದೇ ಸಾಲಿಗೆ ಬಿದ್ದ ಬಲ್ಬು–ಫ್ಯಾನುಗಳ ನಡುವೆ ಫಲಿಸಲಿಲ್ಲ. ಕೆಟ್ಟದ್ದು ಫ್ಯಾನಲ್ಲ, ಕೆಟ್ಟದ್ದನ್ನು ಇಷ್ಟು ವರ್ಷ ಮುಚ್ಚಿಟ್ಟಿದ್ದ ಬಲ್ಬು ಹೋಗಿತ್ತು.

ಹುಡುಗ ಮೇನ್ ಇಳಿಸಿ, ಹಾಫ್ ವೈರಿನಿಂದ ಫ್ಯಾನಿನ ನೀಲಿಯನ್ನು ಬಿಡಿಸಿ, ಒಂದು ಗೇಣು ಕಪ್ಪು ವೈರು ಸೇರಿಸಿ ನ್ಯೂಟ್ರಲ್ಲಿಗೆ ಕಟ್ಟಿ, ಟೇಪು ಸುತ್ತಿದ. ಫ್ಯಾನ್ ತಿರುಗಿತು, ಲೈಟೂ ಹತ್ತಿತು. ಕುತೂಹಲಕ್ಕೆ ಹಳೆಯ ಫ್ಯಾನನ್ನೂ ಜೋಡಿಸಿ ನೋಡಿದ, ಅದೂ ತಿರುಗಿತು. ಕಾಕಾ ಆ ಕ್ಷಣದಲ್ಲಿ ಗದ್ದೆಗೆ ನೀರು ಬಿಡಬೇಕಾದದ್ದು ನೆನಪಾಗಿ ಹೊರಟುಹೋದ.

ಉಪಸಂಹಾರ

ಈಗ ಆ ಬಚ್ಚಲಲ್ಲಿ ಬೆಳಕು, ಗಾಳಿ ಎರಡೂ ಏಕಕಾಲಕ್ಕೆ ಲಭ್ಯ. ಆದರೆ ಮೊನ್ನೆ ಹೋದಾಗ ಕಂಡೆ: ಕಾಕು ಹಂಡೆಯ ನೀರು ತೋಡಿಕೊಂಡು ಒಳಗೆ ಹೋದಳು, ಲೈಟ್ ಆರಿಸಿದಳು, ಆಮೇಲೆ ಫ್ಯಾನ್ ಹಾಕಿದಳು. "ಎರಡೂ ಹಾಕಬಹುದಲ್ಲ ಕಾಕು" ಎಂದೆ.

ಕತ್ತಲಿನಿಂದ ಉತ್ತರ ಬಂತು: "ಯಾರಿಗ್ ಗೊತ್ತಪಾ, ಮತ್ತ ನಿಂತ್ರ ನೀವೆಲ್ಲಾ ಒಳಗ ಬರ್ತೀರಿ."