ಅಗ್ಗದ ಟಿಕೆಟ್ಟಿನ ದುಬಾರಿ ಪ್ರಯಾಣ

ಕಂಪನಿಯ ಲೆಕ್ಕಪತ್ರ ವಿಭಾಗಕ್ಕೆ ಅತಿ ಪ್ರಿಯವಾದದ್ದು ಕೋಳಿ ಕೂಗುವ ಮುಂಚೆ ಹಾರುವ ವಿಮಾನ. ಟಿಕೆಟ್ಟಿನಲ್ಲಿ ಒಂದಿಷ್ಟು ಉಳಿಯಿತೆಂದು ಹಿಗ್ಗುವವರು, ಬೆಂಗಳೂರಿನ ವಿಮಾನ ನಿಲ್ದಾಣ 2008ರಲ್ಲೇ ದೇವನಹಳ್ಳಿ ಕಡೆಗೆ ಹೋಯಿತೆಂಬುದನ್ನು ಮರೆತಿರುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯಿಂದ ಅಲ್ಲಿಗೆ 50 ಕಿಲೋಮೀಟರಿಗೂ ಹೆಚ್ಚು. ರಾತ್ರಿ ಎರಡಕ್ಕೆ ಹೊರಟ ಟ್ಯಾಕ್ಸಿಯಲ್ಲಿ ಚಾಲಕ ತೂಕಡಿಸುತ್ತಾನೆ. ಅವನನ್ನು ಎಚ್ಚರವಾಗಿಡಲು ಹಿಂದೆ ಕೂತ ಮ್ಯಾನೇಜರ್ ಎಚ್ಚರವಾಗಿರುತ್ತಾನೆ. ಹತ್ತಕ್ಕೆ ದೆಹಲಿಯ ಸಭೆಯಲ್ಲಿ ಇಬ್ಬರ ಪಾಲಿನ ನಿದ್ದೆಯನ್ನೂ ತಾನೊಬ್ಬನೇ ಮಾಡುತ್ತಾನೆ. ಆದ್ದರಿಂದ ಸುರಕ್ಷತೆ ಬೇರೆ, ಉಳಿತಾಯ ಬೇರೆ ಎಂಬುದೇ ತಪ್ಪು ಲೆಕ್ಕ. ಇನ್ನು, ಸಿಬ್ಬಂದಿ ತಮ್ಮ ಫೋನಿನಲ್ಲೇ ಅಗ್ಗದ ಟಿಕೆಟ್ ಹುಡುಕಿ, ಕಂಪನಿಯ ಜಿಎಸ್‌ಟಿ ಸಂಖ್ಯೆ ನಮೂದಿಸದೆ ಬಿಟ್ಟರೆ, ತೆರಿಗೆ ಬಾಕಿಯಲ್ಲಿ ಹೊಂದಿಸಿಕೊಳ್ಳಬಹುದಾಗಿದ್ದ ಮೊತ್ತಕ್ಕೂ ಎಳ್ಳುನೀರು. ಯಾರು ಯಾವ ಊರಲ್ಲಿದ್ದಾರೆಂಬುದೂ ಕಚೇರಿಗೆ ತಿಳಿಯದು. ಬಿರುಗಾಳಿ ಬಂದಾಗ ಹುಡುಕುವುದಾದರೂ ಎಲ್ಲಿ?

ಅಗ್ಗದ್ದೇ ಆಗಬೇಕೆಂಬ ಹಗ್ಗ ಸಡಿಲಿಸಿದರೆ ಎಲ್ಲರೂ ಪಂಚತಾರಾ ಹೋಟೆಲಿಗೇ ಹೋಗುತ್ತಾರೆಂಬುದು ಆಡಳಿತದ ಆಕ್ಷೇಪ. ಆ ಭಯ ಸುಳ್ಳಲ್ಲ, ಮನುಷ್ಯ ಸ್ವಭಾವವದು. ಆದರೆ ಮದ್ದಿದೆ: ಊರಿಗೊಂದು ಬಾಡಿಗೆ ಮಿತಿ, ಮನೆ ಬಿಟ್ಟು ಮನೆ ಸೇರುವವರೆಗಿನ ಒಟ್ಟು ಖರ್ಚಿನ ಹೋಲಿಕೆ. ಹಾಗೆ ಹೋಲಿಸಿದರೆ ಚೆನ್ನೈಗೆ ವಂದೇ ಭಾರತ್ ರೈಲಿನ ನಾಲ್ಕೂವರೆ ಗಂಟೆ, ಒಂದು ಗಂಟೆಯ ವಿಮಾನಕ್ಕಿಂತ ನಿಧಾನವೇನಲ್ಲ. ನಿಲ್ದಾಣ ತಲುಪುವುದು, ತಪಾಸಣೆ, ಸಾಮಾನಿಗಾಗಿ ಕಾಯುವುದು ಎಲ್ಲವೂ ವಿಮಾನದ ಲೆಕ್ಕಕ್ಕೇ ಸೇರಬೇಕಲ್ಲ. ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಕ್ಷೇಮ, ಹೋಗದೆ ವಿಡಿಯೊದಲ್ಲೇ ಮುಗಿಸುವ ಸಭೆ. ಅದನ್ನು ಯಾರೂ ಒಪ್ಪುವುದಿಲ್ಲ, ಏಕೆಂದರೆ ಅದಕ್ಕೆ ದಿನಭತ್ಯೆಯಿಲ್ಲ!