ಐವತ್ತು ಲಾರಿ ಉಳ್ಳಾಗಡ್ಡಿ, ಒಂದು ಬುಕೇ

ಶರತ್ಕಾಲದ ಮದುವೆಗೆ ಅಗ್ಗದಲ್ಲಿ ಬುಕೇ ಆರಿಸುವ ವಿದ್ಯೆ ಈಗ ಸೊಲ್ಲಾಪುರಕ್ಕೂ ಬಂದಿದೆ. ಬರುವಾಗ ಋತುವನ್ನು ಜೊತೆಗೆ ತರುವುದು ಮರೆತಿದೆ, ಅಷ್ಟೇ. ಎಲೆ ಕೆಂಪಾಗಿ, ಕಂದಾಗಿ ಉದುರುವ ಮರ ನಮ್ಮಲ್ಲಿಲ್ಲ. ಇರುವ ಬೇವು-ಜಾಲಿಗಳಿಗೆ ಆ ಶೋಕಿಯಿಲ್ಲ. ಪಂಚಾಂಗದ ಲೆಕ್ಕದಲ್ಲಿ ಆಶ್ವೀಜ, ಕಾರ್ತಿಕ ಎರಡೂ ಶರದೃತು. ಅದರ ಬಹುಪಾಲನ್ನು ಚಾತುರ್ಮಾಸ ನುಂಗುತ್ತದೆ. ಕಾರ್ತಿಕ ಶುದ್ಧ ದ್ವಾದಶಿಗೆ ತುಳಸಿ ಲಗ್ನ ಆಗಬೇಕು, ಆಮೇಲೆಯೇ ಮನುಷ್ಯರ ಸರದಿ.

ಹಂಗಾಮಿನ ಮೊದಲ ಮದುಮಗಳಾದ ಈ ತುಳಸಿಯ ಖರ್ಚಿನ ಪಟ್ಟಿ ನೋಡಿ: ನಾಲ್ಕು ಕಬ್ಬಿನ ಜಲ್ಲೆ, ಕಾಯಿರುವ ನೆಲ್ಲಿ ಟೊಂಗೆ, ಒಂದು ಹಿಡಿ ಹುಣಸೆಕಾಯಿ. ಕೈಯಲ್ಲಿ ಬುಕೇ ಇಲ್ಲ. ಆದರೂ ಲಗ್ನ ಊರ್ಜಿತವಾಗಿದೆ. ಗಂಡಿನ ಕಡೆಯವರು ಇಲ್ಲಿತನಕ ತಕರಾರು ತೆಗೆದಿಲ್ಲ.

ಮನುಷ್ಯರ ಲಗ್ನದಲ್ಲಿ ಹಾಗಲ್ಲ. ಅಲ್ಲಿ ಯಾದಿ ಬರೆಯಬೇಕು. ಬಂಗಾರ ಎಷ್ಟು ತೊಲೆ, ಭಾಂಡೆ ಯಾರದು, ಕಾರ್ಯಾಲಯದ ಬಾಡಿಗೆ ಯಾರ ತಲೆಗೆ ಎಂಬ ವಾದದಲ್ಲಿ ಚಹಾ ಮೂರು ಸಲ ಬಂದು ಹೋಗುತ್ತದೆ. ಅಕ್ಕಲಕೋಟದ ಒಂದು ಪಡಸಾಲೆಯಲ್ಲಿ ಇತ್ತೀಚೆಗೆ ಹೀಗೇ ಯಾದಿ ಮುಗಿದು ಬೀಗರು ವೀಳ್ಯ ಮಡಚುತ್ತಿರುವಾಗ ಒಳಗಿನಿಂದ ಮದುಮಗಳ ತಂಗಿ ಕೂಗಿದಳು: ‘ಕಾಕಾ, ಎಂಟ್ರಿಗೆ ಬುಕೇ ಬರದ್ರೇನು?’ ಕಾಕಾ ಪೆನ್ನಿನ ಟೋಪಿ ಮತ್ತೆ ತೆಗೆದರು. ‘ಅದೇನ ಹಾರ-ತುರಾಯಿ ಒಳಗ ಬರತೈತಿ ಬಿಡವಾ’ ಅಂದರು. ಬರುವುದಿಲ್ಲವಂತೆ. ತುರಾಯಿ ಹೂಗಾರರು ಕಟ್ಟುವುದು. ಬುಕೇಯನ್ನು ‘ಡಿಸೈನ್’ ಮಾಡಬೇಕಂತೆ.

ಡಿಸೈನ್ ಆಗುವುದು ಸೊಲ್ಲಾಪುರದಲ್ಲಿ. ಸಾತ್ ರಸ್ತಾ ಕಡೆಯ ಆ ಅಂಗಡಿಗೆ ಎಸಿ ಇದೆ. ಹೂವಿಗೋ ಗಿರಾಕಿಗೋ, ತಿಳಿಯುವುದಿಲ್ಲ. ಮಾಲೀಕ ರೊಕ್ಕ ಎಷ್ಟು ತಂದೀರಿ ಎಂದು ಕೇಳಲಿಲ್ಲ. ‘ಥೀಮ್ ಏನ್ರಿ?’ ಅಂದ. ತಂಗಿ ಮೊಬೈಲು ತೋರಿಸಿದಳು: ಶರತ್ಕಾಲದ ಬಣ್ಣಗಳು, ಅಂದರೆ ಕಿತ್ತಳೆ, ತುಕ್ಕಿನ ಕೆಂಪು, ಅರಿಶಿನ.

ಹುಡುಗಿಯ ತಾಯಿ ಬಾಗಿಲಿನಾಚೆ ನೋಡಿದರು. ಅಲ್ಲಿ ಕೈಗಾಡಿಯ ಮೇಲೆ ಅದೇ ಮೂರು ಬಣ್ಣ ರಾಶಿ ಬಿದ್ದಿತ್ತು.

‘ಝೆಂಡು ಹೂವ ಹಾಕಿದ್ರ ಆಗೂದಿಲ್ಲೇನ್ರಿ?’

‘ಕಾಕೂ, ಅದು ಖಂಡೆ ಪೂಜಾಕ್ಕ ಗಾಡಿಗೆ ಕಟ್ಟೂ ಹೂವು.’

‘ಮತ್ತ ಇದರದೂ ಅದ ಬಣ್ಣ ಐತಲ್ಲ?’

‘ಇದು ಪಾಲಿಹೌಸಿಂದ್ರಿ.’

ಇಷ್ಟರಲ್ಲಿ ಇಡೀ ಅರ್ಥಶಾಸ್ತ್ರ ಮುಗಿಯಿತು. ಬಿಸಿಲು ಕಂಡ ಹೂವಿಗೆ ಮರ್ಯಾದೆ ಇಲ್ಲ. ದಸರೆಯ ಹಿಂದಿನ ದಿನ ಬಂಗಾರದ ಬೆಲೆಗೆ ಮಾರುವ ಝೆಂಡು ಹಬ್ಬ ಮುಗಿದ ಮರುದಿನ ರಸ್ತೆ ಬದಿಯಲ್ಲಿ ರಾಶಿಯಾಗಿ ಬಿದ್ದಿರುತ್ತದೆ, ದನವೂ ಮೂಸಿ ಮುಂದೆ ಹೋಗುತ್ತದೆ. ಬುಕೇಗೆ ಬರುವ ಗುಲಾಬಿಯದು ಬೇರೆ ಜಾತಕ: ಪುಣೆ ಕಡೆಯ ತಳೇಗಾಂವದ ಹಸಿರುಮನೆಯಲ್ಲಿ ಹುಟ್ಟಿ, ತಲೆಗೆ ಜಾಳಿಗೆಯ ಟೋಪಿ ಹಾಕಿಕೊಂಡು, ರಟ್ಟಿನೊಳಗೆ ಮಲಗಿ, ರಾತ್ರಿ ಬಸ್ಸಿನಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ಬರುತ್ತದೆ. ಜರ್ಬೆರಾದ ಕುತ್ತಿಗೆ ಬಲವಿಲ್ಲದ್ದು. ಅದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಬಟ್ಟಲು, ಕಾಂಡಕ್ಕೆ ತಂತಿ. ಮೇಲೆ ಚಮಕಿ ಸಿಂಪಡಣೆ. ನಡುವೆ ಸಣ್ಣ ಬಿಳಿ ಜಿಪ್ಸೋ, ಸುತ್ತ ಎರಡು ಪದರ ಕಾಗದ, ಕೆಳಗೆ ರಿಬ್ಬನ್. ಬಿಚ್ಚಿ ಎಣಿಸಿದರೆ ಹೂವು ಕಡಿಮೆ, ಪ್ಯಾಕಿಂಗು ಹೆಚ್ಚು. ಬೆಲೆ ಎರಡೂವರೆ ಸಾವಿರ. ‘ಬಜೆಟ್ ರೇಂಜ್‌ನ್ಯಾಗ ಇದ ಚಲೋ’ ಎಂದು ಆತ ಸಮಾಧಾನ ಹೇಳಿದ.

ಹುಡುಗಿಯ ಅಪ್ಪ ಉಳ್ಳಾಗಡ್ಡಿ ಬೆಳೆಯುವವರು. ಅವರ ಪರವಾಗಿ ಒಂದು ಲೆಕ್ಕ ಮಾಡೋಣ. 2023ರ ಫೆಬ್ರವರಿಯಲ್ಲಿ ಬಾರ್ಶಿ ತಾಲೂಕಿನ ರೈತರೊಬ್ಬರು ಸೊಲ್ಲಾಪುರದ ಮಾರ್ಕೆಟ್ ಯಾರ್ಡಿಗೆ 512 ಕೆಜಿ ಉಳ್ಳಾಗಡ್ಡಿ ತಂದರು. ಕೆಜಿಗೆ ಒಂದು ರೂಪಾಯಿ ದರ ಸಿಕ್ಕಿತು. ಗಾಡಿ ಬಾಡಿಗೆ, ಹಮಾಲಿ, ತೂಕದ ಖರ್ಚು ಮುರಿದ ಮೇಲೆ ಕೈಗೆ ಬಂದದ್ದು 2 ರೂಪಾಯಿ 49 ಪೈಸೆ, ಅದೂ ಮುಂದಿನ ತಾರೀಖಿನ ಚೆಕ್ಕು. ಪತ್ರಿಕೆಗಳೆಲ್ಲ ಬರೆದವು, ದೇಶವೆಲ್ಲ ಅಯ್ಯೋ ಅಂತು. ಈಗ ಕೈಗೆ ಬಂದ ಆ ರೊಕ್ಕದ ಲೆಕ್ಕದಲ್ಲಿ ಎರಡೂವರೆ ಸಾವಿರದ ಬುಕೇ ಕೊಳ್ಳಬೇಕಾದರೆ ಆ ರೈತ 514 ಟನ್ ಉಳ್ಳಾಗಡ್ಡಿ ತರಬೇಕು. ಹತ್ತು ಟನ್ನಿನ ಲಾರಿಯಾದರೆ ಐವತ್ತೊಂದು ಲಾರಿ ತುಂಬಿ ಇನ್ನೂ ನಾಲ್ಕು ಟನ್ ಮಿಗುತ್ತದೆ. ಆ ಮಿಕ್ಕದ್ದನ್ನು ಮದುವೆ ಊಟದ ಝುಣಕಕ್ಕೆ ಬಳಸಬಹುದು. ಉಳಿತಾಯ ಅಂದರೆ ಇದು.

ಸರಿ, ತಂದದ್ದಾಯಿತು; ಹಿಡಿಯುವುದು ಯಾವ ಕೈಯಲ್ಲಿ? ವಿಲಾಯತಿ ಮದುಮಗಳಿಗೆ ಎರಡು ಕೈ ಖಾಲಿ ಇರುತ್ತವೆ. ನಮ್ಮವಳ ಒಂದು ಕೈ ಸೀರೆಯ ನಿರಿಗೆಗೆ, ಇನ್ನೊಂದು ಹಣೆಯ ಮೇಲೆ ಜಾರುವ ಬಾಸಿಂಗಕ್ಕೆ. ಜೊತೆಗೆ ಮೂರು ನಿಮಿಷಕ್ಕೊಬ್ಬ ಹಿರಿಯರು ಬಂದು ನಿಲ್ಲುತ್ತಾರೆ, ಬಗ್ಗಿ ಕಾಲು ಮುಟ್ಟಬೇಕು. ಹೀಗಾಗಿ ಬುಕೇ ಬೇಕೆಂದ ತಂಗಿಯೇ ಅದನ್ನು ಮದುವೆಯುದ್ದಕ್ಕೂ ಹೊತ್ತಳು. ‘ಮೇಡಂ, ಬುಕೇ!’ ಎಂದು ಫೋಟೋದವ ಕೂಗಿದಾಗ ಓಡಿ ಕೊಡುವುದು, ಕ್ಲಿಕ್ ಆದ ಮೇಲೆ ಇಸಿದುಕೊಳ್ಳುವುದು. ಹಿಂದಕ್ಕೆ ಎಸೆಯುವ ಪದ್ಧತಿಯನ್ನು ನಮ್ಮವರು ಇನ್ನೂ ಪೂರ್ತಿ ಒಪ್ಪಿಲ್ಲ. ಬಣ್ಣ ಹಚ್ಚಿದ ಜೋಳದ ಅಕ್ಷತೆ ಎಸೆದು ಎಸೆದು ತೋಳು ಮೊದಲೇ ಸೋತಿರುತ್ತದೆ. ವಿಲಾಯತಿಯಲ್ಲೂ ಎಲ್ಲರೂ ಎಸೆಯುವುದಿಲ್ಲ: 1923ರಲ್ಲಿ ಲಂಡನ್ನಿನಲ್ಲಿ ರಾಜಮನೆತನಕ್ಕೆ ಸೊಸೆಯಾಗಿ ಬಂದ ಎಲಿಜಬೆತ್ ಬೋಸ್-ಲಯನ್ ತನ್ನ ಮದುವೆಯ ಹೂಗುಚ್ಛವನ್ನು ವೆಸ್ಟ್‌ಮಿನ್‌ಸ್ಟರ್ ಅಬೆಯ ಅನಾಮಿಕ ಯೋಧನ ಸಮಾಧಿಗೆ ಅರ್ಪಿಸಿದಳು. ಅಲ್ಲಿನ ರಾಜಮನೆತನದಲ್ಲಿ ಅದೇ ರೂಢಿಯಾಯಿತು. ನಮ್ಮ ಎರಡೂವರೆ ಸಾವಿರ ಸಂಜೆಗೆ ಕಾರ್ಯಾಲಯದ ಸೋಫಾದ ಹಿಂದೆ ಸಿಕ್ಕಿತು. ಹುಡುಕುವವರಿಗೆ ಬೇಕಾಗಿದ್ದದ್ದು ಬುಕೇ ಅಲ್ಲ, ಯಾರದೋ ಮೊಬೈಲು ಚಾರ್ಜರು.

ಸೊಲ್ಲಾಪುರಕ್ಕೆ ಮದುವೆ ಹೇಗೆ ಮಾಡಬೇಕೆಂದು ಮೊಬೈಲು ಕಲಿಸಬೇಕಾಗಿದೆ ಎಂಬುದೇ ತಮಾಷೆ. ಪ್ರತಿ ವರ್ಷ ಸಂಕ್ರಾಂತಿಯ ಗಡ್ಡದ ಜಾತ್ರೆಯಲ್ಲಿ ಈ ಊರು ಸಿದ್ಧರಾಮೇಶ್ವರರ ಯೋಗದಂಡಕ್ಕೂ ಕುಂಬಾರ ಕನ್ಯೆಗೂ ಮದುವೆ ಮಾಡುತ್ತದೆ. ಏಳು ನಂದಿಕೋಲು, ಬಿಳಿಯ ಬಾರಾಬಂದಿ ತೊಟ್ಟ ಗಂಡಸರು, ಸಮ್ಮತಿ ಕಟ್ಟೆಯ ಮುಂದೆ ಲಕ್ಷಗಟ್ಟಲೆ ಜನ. ಸಮ್ಮತಿ ಓದುವುದು ಕನ್ನಡದಲ್ಲಿ, ಅಕ್ಷತೆ ಹಾಕುವವರು ಮರಾಠಿ, ತೆಲುಗು, ಉರ್ದು ಮನೆಮಾತಿನವರೂ ಹೌದು. ಕೋಲಿಗೆ ಬಾಸಿಂಗ ಕಟ್ಟಿ, ಹೂವು ಏರಿಸುತ್ತಾರೆ. ಶತಮಾನಗಳಿಂದ ನಡೆದುಬಂದ ಆ ಲಗ್ನದ ಥೀಮ್ ಏನೆಂದು ಯಾರೂ ಕೇಳಿಲ್ಲ.

ಗಡಿಯಾಚೆಯ ಕರ್ನಾಟಕ ಸರ್ಕಾರ ಈ ಬುಕೇ ರೋಗಕ್ಕೆ ಮದ್ದು ಹುಡುಕಿದ್ದುಂಟು. 2021ರ ಆಗಸ್ಟ್‌ನಲ್ಲಿ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾದ ಹೊಸದರಲ್ಲಿ, ಸರ್ಕಾರಿ ಸಮಾರಂಭಗಳಲ್ಲಿ ಹಾರ, ಬುಕೇ, ಶಾಲು ಬೇಡ, ಕೊಡುವುದಾದರೆ ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಹೊರಟಿತು. ಗಡಿ ಹಂಚಿಕೆಯ 1967ರ ಮಹಾಜನ ವರದಿ ಜಾರಿಯಾಗಿದ್ದರೆ ಅಕ್ಕಲಕೋಟವೂ ಕರ್ನಾಟಕಕ್ಕೆ ಸೇರಿ ಆ ಆದೇಶದ ವ್ಯಾಪ್ತಿಗೆ ಬರುತ್ತಿತ್ತು. ಮದುಮಗಳು ನಿಘಂಟು ಹಿಡಿದು ವೇದಿಕೆ ಹತ್ತುವುದು ತಪ್ಪಿಹೋಯಿತು. ಗಡಿಯ ವ್ಯಾಜ್ಯ ಇನ್ನೂ ಸುಪ್ರೀಂ ಕೋರ್ಟಿನಲ್ಲಿದೆ. ಬುಕೇ ಮಾತ್ರ ವಕೀಲರಿಲ್ಲದೆಯೇ ಎರಡೂ ರಾಜ್ಯ ಗೆದ್ದಿದೆ.

ಇನ್ನೂ ಅಗ್ಗ ಬೇಕೆಂದರೆ ಪ್ಲಾಸ್ಟಿಕ್ಕಿನದು ಇದೆ. ಅಕ್ಕನ ಲಗ್ನಕ್ಕೆ ತಂದದ್ದು ತಂಗಿಗೂ ಆಗುತ್ತದೆ, ನಡುವೆ ಟಿವಿಯ ಮೇಲೆ ಇಡಬಹುದು. ಅದರಿಂದ ಹೊಟ್ಟೆಯ ಮೇಲೆ ಹೊಡೆತ ಬಿದ್ದ ಹೂ ಬೆಳೆಗಾರರ ದನಿ 2025ರಲ್ಲಿ ಮಹಾರಾಷ್ಟ್ರದ ವಿಧಾನಸಭೆಯವರೆಗೂ ಮುಟ್ಟಿತು. ಮಂಟಪದ ಡೆಕೋರೇಶನ್ನಿನವನ ಕಿವಿಗೆ ಇನ್ನೂ ಮುಟ್ಟಿಲ್ಲ.

ತುಳಸಿ ಲಗ್ನ ಮುಗಿದೊಡನೆ ಲಗ್ನ ಇಟ್ಟುಕೊಂಡವರೇ, ಬುಕೇ ಹಿಡಿಯಲೇಬೇಕೆಂದಿದ್ದರೆ ಸೇವಂತಿಗೆ ಹಿಡಿಯಿರಿ. ಹಗಲು ಸಣ್ಣದಾಗುತ್ತಿದ್ದಂತೆ ತಾನಾಗಿ ಮೊಗ್ಗೊಡೆಯುವ ಹೂವು ಅದು, ನಿಮ್ಮ ಮೊಬೈಲಿನ ಶರತ್ಕಾಲದ ಬಣ್ಣವೆಲ್ಲ ಅದರಲ್ಲಿದೆ, ಬೇಗ ಬಾಡುವುದೂ ಇಲ್ಲ. ನಡುವೆ ನಾಲ್ಕು ಕಡ್ಡಿ ನಿಶಿಗಂಧ ಇರಲಿ, ಪರಿಮಳಕ್ಕೆ. ಅಕ್ಕಲಕೋಟದಲ್ಲಿ ಕೊಳ್ಳುವುದಾದರೆ ಗುರುವಾರ ಬಿಟ್ಟು ಹೋಗಿ. ಅಂದು ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರ ಗದ್ದಲದಲ್ಲಿ ಹೂವಿನವರು ನಿಮ್ಮ ಮುಖ ನೋಡುವುದಿಲ್ಲ. ಬಾಸಿಂಗ ಕಟ್ಟುವ ಹೂಗಾರರಿಗೇ ಎರಡು ದಿನ ಮೊದಲು ಹೇಳಿದರೆ ಬಾಳೆನಾರಿನಲ್ಲಿ ಬಿಗಿದು ಕೊಡುತ್ತಾರೆ. ಎಸಿ ಅಂಗಡಿಯಲ್ಲಿ ಬಾಯಿ ಮುಚ್ಚಿಕೊಂಡು ರೊಕ್ಕ ಎಣಿಸಿದವರು ಅವರ ಹತ್ತಿರ ಮಾತ್ರ ಚೌಕಾಸಿಗೆ ಕೂರಬೇಡಿ, ಕೇಳಿದಷ್ಟು ಕೊಟ್ಟು ಬನ್ನಿ.